ಒಂಬತ್ತು ಕಿಲೋದ ಜಗಳ

ವಾಡಿ ರೇಸಿನ್ಯಾಗ ಒಂಬತ್ತು ಕಿಲೋ ಸಲುವಾಗಿ ದೊಡ್ಡ ಜಗಳ ಆತು. ಆ ಜಗಳದ ಸುದ್ದಿ ಒಬ್ಬೊಬ್ಬರು ಒಂದೊಂದು ನಮೂನಿ ಹೇಳ್ತಾರ. ಚಿತ್ತಾಪುರದಾಗ ಕೇಳಿದ್ರ ಅಂಬಾರಾಯ ಮೋಸ ಮಾಡಿದ ಅಂತಾರ. ಸೇಡಂದಾಗ ಕೇಳಿದ್ರ ಬಾಬುಮಿಯಾಗ ಹೊಟ್ಟಿಕಿಚ್ಚು ಅಂತಾರ. ಎರಡೂ ಸುಳ್ಳು. ಖರೇ ಏನಾತು ಅಂತ ಕೇಳೂದಿದ್ರ ಸಮಾಧಾನಲೆ ಕುಂದ್ರಿ, ನಡುವ ಬಾಯಿ ಹಾಕಬ್ಯಾಡ್ರಿ.

ಸೇಡಂದ ಅಂಬಾರಾಯ ಸಿಮೆಂಟ್ ಫ್ಯಾಕ್ಟರಿಯ ಕಲ್ಲಿನ ಗಣಿಯಾಗ ಡಂಪರ್ ಹೊಡೀತಾನ. ವಯಸ್ಸು ಐವತ್ತೆರಡು. ವಾರದಾಗ ಆರು ದಿನ ಆಮಿ ಹಂಗ ತೆವಳೂ ಡಂಪರ್ ಹೊಡೆದು ಹೊಡೆದು ಬ್ಯಾಸರಾಗಿ, ಏಳನೇ ದಿನ ರೇಸ್ ಆಡ್ತಾನ. ನಗಬ್ಯಾಡ್ರಿ. ನಮ್ಮ ಐದೂರ ರೇಸ್ ಶುರುವಾಗಿ ಎಂಟು ವರ್ಷ ಆತು. ದೀಪಾವಳಿ ದಾಟಿದ ಮ್ಯಾಲ ತಿಂಗಳಿಗೊಂದು ಊರಾಗ ಒಂದು ರೇಸು: ಮೊದಲು ಸೇಡಂ, ಆಮ್ಯಾಲ ಚಿತ್ತಾಪುರ, ಚಿಂಚೋಳಿ, ವಾಡಿ, ಯುಗಾದಿ ಮುಂದ ಶಹಾಬಾದಿನ್ಯಾಗ ಕಡೀದು. ಕಲ್ಲು ತೆಗೆದು ಬಿಟ್ಟ ಹಳೇ ಗಣಿಗಳ ತಳ ಭಾಳ ಕಡೆ ಅಂಗಳದಂಗ ಸಪಾಟ ಇರ್ತದ, ಅದರ ಸುತ್ತ ಹಳೇ ಟಾಯರ್ ಜೋಡಿಸಿದ್ರ ದಾರಿ ತಯಾರ. ಆಡೋರು ಯಾರು? ಗ್ಯಾರೇಜಿನವರು, ಸಾಲಿ ಮಾಸ್ತರು, ಕಿರಾಣಿ ಅಂಗಡಿಯವರು, ಒಬ್ಬ ಕಂಪೌಂಡರ್. ಹಳೇ ಗಾಡಿದು ಹಿಂದಿನ ಸೀಟು ಕಿತ್ತು ಒಗದ್ರ ಅದು ಟೂರಿಂಗ್ ಗಾಡಿ. ಬಾನೆಟ್ಟಿಗೆ ತೂತು ಕೊರೆದು ಹಿಂದ ಒಂದು ರೆಕ್ಕಿ ಕೂಡ್ಸಿದ್ರ ಅದಕ್ಕ ಜಿಟಿ ಅಂತಾರ. ವರ್ಷದ ಕಡೀಗಿ ಎಲ್ಲಾರಕಿಂತ ಹೆಚ್ಚು ಗೆದ್ದಾಂವಗ ನುಣ್ಣಗ ಪಾಲಿಶ್ ಹೊಡೆದ ಶಹಾಬಾದ ಫರ್ಸಿ ಮ್ಯಾಲ ಹೆಸರು ಕೊರೆದು ಕೊಡ್ತಾರ. ಬ್ಯಾರೆ ಏನೂ ಇಲ್ಲ. ಆ ಕಲ್ಲಿನ ಸಲುವಾಗಿನೇ ಇಷ್ಟೆಲ್ಲಾ.

ಈ ರೇಸಿಗೆ ಒಂದು ಕಾಯ್ದೆ ಅದ. ಹೋದ ವರ್ಷ ಗೆದ್ದಾಂವ ಈ ವರ್ಷ ಐದೂ ರೇಸಿನ್ಯಾಗ ಅರವತ್ತು ಕಿಲೋ ಭಾರ ಹೇರ್ಕೊಂಡು ಗಾಡಿ ಓಡಿಸಬೇಕು. ಒಬ್ಬನೇ ವರ್ಷಾ ವರ್ಷ ಗೆದ್ಕೋತ ಹೋದ್ರ ಉಳಿದವರು ಮಣ್ಣು ತಿನ್ನಬೇಕೇನು? ಅದಕ್ಕ ಈ ಕಾಯ್ದೆ. ಭಾರ ಅಂದ್ರ ಮತ್ತ ಅದೇ ಫರ್ಸಿ ಕಲ್ಲು, ನಮ್ಮ ಕಡೆ ಕಲ್ಲಿಗೇನು ಬರ ಅದ? ಹಿಂಗಾಗಿ ಸಾಲಾಗಿ ಎರಡು ವರ್ಷ ಗೆದ್ದಾಂವ ಒಬ್ಬನೂ ಇಲ್ಲ. ಅಂಬಾರಾಯ ಒಂದು ವರ್ಷ ಗೆದ್ದ. ಗೆದ್ದ ದಿನದಿಂದ ಅವನ ತಲ್ಯಾಗ ಒಂದೇ ಹುಳ: ಎರಡನೇ ವರ್ಷನೂ ಗೆಲ್ಲಬೇಕು, ಎರಡನೇ ಕಲ್ಲು ಮನಿಗಿ ತರಬೇಕು.

ಗಾಡಿ ಹಗುರ ಮಾಡೂದು ಅಂದ್ರ ಅವನಿಗೆ ಹುಚ್ಚು. ಅವನ ಹಳೇ ಎಸ್ಟೀಮ್ ಕಾರಿನ ಹಿಂದಿನ ಸೀಟು ಹೋತು, ರೇಡಿಯೋ ಹೋತು, ಕಾಲಿನ ಕೆಳಗಿನ ಮ್ಯಾಟ್ ಹೋತು. ಡ್ಯಾಶ್‌ಬೋರ್ಡ್ ಮ್ಯಾಲ ಇದ್ದ ಬಸವಣ್ಣನ ಮೂರ್ತಿ ಪಾವ ಕಿಲೋ ತೂಗ್ತದ ಅಂತ ಅದನ್ನ ತಗೊಂಡು ದೇವರ ಮನ್ಯಾಗ ಇಟ್ಟು, ಗಾಡಿಯಾಗ ಸಣ್ಣ ಫೋಟೋ ಅಂಟಿಸಿದ. ರೇಸಿನ ದಿನ ತಾನು ನಾಷ್ಟಾ ಸುದ್ದ ಮಾಡ್ತಿದ್ದಿಲ್ಲ. ಇಂಥಾಂವ ಅರವತ್ತು ಕಿಲೋ ಕಲ್ಲು ಹೇರಬೇಕಂದ್ರ ಅವನಿಗೆ ಎಂಥಾ ಸಂಕಟ ಆಗಿರಬ್ಯಾಡ!

ಎರಡನೇ ವರ್ಷ ದೀಪಾವಳಿ ಮುಂದ ಶಹಾಬಾದಿನ್ಯಾಗ ಗಾಡಿ ಓಡಿಸಿ ನೋಡಬೇಕಾದ್ರ, ಹಗ್ಗ ಕಟ್ಟಿ ಇಟ್ಟಿದ್ದ ಕಲ್ಲು ತಿರುವಿನ್ಯಾಗ ಜಾರಿ, ಹಗ್ಗ ಕೊಯ್ಕೊಂಡು, ಹಿಂದಿನ ಬಾಗಲಾ ಮುರಕೊಂಡು ಹೊರಗ ಬಿತ್ತು. ಬುತ್ತಿ ಗಂಟು ಹಿಡ್ಕೊಂಡು ನಿಂತಿದ್ದ ಅವನ ಹೆಂಡ್ತಿ ರತ್ನಾಬಾಯಿಯಿಂದ ನಾಕು ಮಾರು ದೂರ ಬಿದ್ದು ಮೂರು ಚೂರಾತು. ಅಂಬಾರಾಯ ಓಡಿ ಬಂದ.

"ನಿನಗೇನೂ ಆಗಿಲ್ಲಲ್ಲ?"

ಆಕಿ ಚೂರು ನೋಡಿದ್ಲು, ಮುರಿದ ಬಾಗಲಾ ನೋಡಿದ್ಲು. "ಕಲ್ಲಿಗೆ ಹಿಡ್ಕೊಂಡು ಕುಂದ್ರೂದು ತಿಳಿಯಂಗಿಲ್ರಿ. ನನಗ ತಿಳೀತದ. ನಾನೇ ಕುಂದ್ರತೀನಿ ಬಿಡ್ರಿ."

"ನಿನಗ ಹುಚ್ಚ ಹಿಡದದೇನು?"

"ಇಪ್ಪತ್ತಾರು ವರ್ಷ ನಿಮ್ಮ ಕೂಡ ಬಾಳ್ವಿ ಮಾಡೀನಿ. ಇದಕ್ಕಿಂತ ದೊಡ್ಡ ಹುಚ್ಚ ಯಾವುದದ ಹೇಳ್ರಿ?"

ಅಲ್ಲಿ ಇದ್ದವರೆಲ್ಲಾ ನಕ್ಕರು. ದಾನೇಶ್ವರಿ ಮಾತ್ರ ನಗಲಿಲ್ಲ. ಶಹಾಬಾದಿನ್ಯಾಗ ಕಲ್ಲು ಪಾಲಿಶ್ ಮಾಡೂ ಕಾರ್ಖಾನಿ ನಡಸೂ ದಾನೇಶ್ವರಿನೇ ಐದೂರ ರೇಸಿಗೆ ಕಾರ್ಯದರ್ಶಿ. ಕಾಯ್ದೆ ಅಂದ್ರ ಕಾಯ್ದೆ, ತನ್ನ ಸ್ವಂತ ಅಣ್ಣ ಬಂದ್ರೂ ಬಿಡಾಕಿ ಅಲ್ಲ. ಆಕಿ ಕಾಯ್ದೆ ಬರದಿಟ್ಟ ತನ್ನ ವಹಿ ತಗದು ಎರಡು ಸಲ ಓದಿದ್ಲು.

"ಇದರಾಗ ಅರವತ್ತು ಕಿಲೋ 'ಭಾರ' ಅಂತಷ್ಟೇ ಬರದದ ಕಾಕಾ. ಕಲ್ಲು ಅಂತ ಎಲ್ಲೂ ಇಲ್ಲ. ಕಾಕು ಹೆಲ್ಮೆಟ್ ಹಾಕ್ಕೊಂಡು, ಬೆಲ್ಟ್ ಕಟ್ಕೊಂಡು ಕುಂತ್ರ ನನ್ನ ತಕರಾರಿಲ್ಲ. ಕಾಟಾದ ಮ್ಯಾಲ ನಿಂದರ್ರಿ ಕಾಕು."

ಕಲ್ಲು ತೂಗೂ ಕಾಟಾದ ಮ್ಯಾಲ ರತ್ನಾಬಾಯಿ ಚಪ್ಪಲಿ ಬಿಟ್ಟು, ಸೆರಗು ಬಿಗಿ ಮಾಡ್ಕೊಂಡು ನಿಂತ್ಲು. ಐವತ್ತೆಂಟು. ಇನ್ನೆರಡು ಕಿಲೋ ಕಡಿಮಿ. ಆಕಿ ಬುತ್ತಿ ಗಂಟೂ ತೂಗಿದ್ರು: ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲಾ ಕೂಡಿ ಹೇಳಿ ಮಾಡಿಸಿದಂಗ ಎರಡು ಕಿಲೋ. "ಆದ್ರ ರೇಸ್ ಮುಗಿಯೂ ತನಕ ಗಂಟು ಬಿಚ್ಚಂಗಿಲ್ಲ, ಅದೂ ಭಾರನೇ," ಅಂತ ದಾನೇಶ್ವರಿ ಕಟ್ಟಪ್ಪಣಿ ಮಾಡಿ, ಎಸ್ಟೀಮಿನ ಎಡಗಡೆ ಬಾಗಲ ಮ್ಯಾಲ ಚಾಕ್‌ಪೀಸಿನಿಂದ ಬರದ್ಲು: ರತ್ನಾಬಾಯಿ, ೫೮.

ಹೆಂಡ್ತಿ ಭಾರ ಅಂತ ಗಂಡಸರು ಕಟ್ಟೀ ಮ್ಯಾಲ ಕುಂತು ಅಂತಿರ್ತಾರಲ್ಲ, ಅಂಬಾರಾಯನ ಹೆಂಡ್ತಿ ಒಬ್ಬಾಕಿನೇ ಬರಹದಾಗ ಭಾರ ಆಗಿದ್ದು. ಅಂವ ಮನಿಗಿ ಹೋದಾಂವನೇ ಚಾಕ್‌ಪೀಸ್ ಅಳಿಸಿ ಹೋಗಬಾರ್ದು ಅಂತ ಆ ಅಂಕಿ ಮ್ಯಾಲ ಬಿಳೀ ಪೇಂಟ್ ಬಳದ. ತಪ್ಪು ಆಗಿದ್ದು ಅಲ್ಲೇ. ಕಲ್ಲಿನ ತೂಕ ಒಮ್ಮೆ ಬರದ್ರ ಮುಗೀತು. ಮನಷ್ಯಾರ ತೂಕಕ್ಕ ಪೇಂಟ್ ಬಳೀತಾರೇನ್ರಿ? ಆದ್ರ ಕಲ್ಲಿನ ಊರಾಗ ಬೆಳೆದ ಮಂದಿ, ಒಬ್ಬರಿಗೂ ಅದು ಹೊಳೀಲಿಲ್ಲ.

ಮೊದಲನೇ ಸಲ ಸೇಡಂದಾಗ ಗಾಡಿ ಜಿಗಿದಾಗ ರತ್ನಾಬಾಯಿ ಕಣ್ಣು ಮುಚ್ಚಿ "ಬಸವಾ ಬಸವಾ" ಅಂದ್ಲು. ನಾಕನೇ ಸುತ್ತಿಗೆ ಕಣ್ಣು ತಗದ್ಲು. ಆರನೇ ಸುತ್ತಿಗೆ ಬಾಯಿ ತಗದ್ಲು: "ರೀ, ಏನ್ ಹೆಣಾ ಹೊತ್ಕೊಂಡು ಹೊಂಟಂಗ ಹೊಂಟೀರಲ್ಲ, ಒಲಿ ಮ್ಯಾಲ ಹಾಲಿಟ್ಟು ಬಂದೋರಂಗ ಹೊಡೀರಿ!" ಎಡಕ್ಕ ತಿರುವು ಬಂದ್ರ ತಾನೂ ಎಡಕ್ಕ ವಾಲ್ತಿದ್ಲು, ಬಲಕ್ಕ ಬಂದ್ರ ಬಲಕ್ಕ. ಕಲ್ಲಿಗೆ ಇಂಥಾ ಬುದ್ಧಿ ಎಲ್ಲಿಂದ ಬರಬೇಕು? ಗೆದ್ದು ಇಳಿದಾಗ ಆಕಿ ಹೆಲ್ಮೆಟ್ ತಗದು, ಬಿಚ್ಚಿದ ತುರುಬು ಮತ್ತ ಕಟ್ಕೋತ, ಸಣ್ಣ ಹುಡುಗಿಯಂಗ ನಕ್ಕಳು.

ಅಂಬಾರಾಯಗ ಆ ನಗಿ ಹೊಸಾದು ಅನಿಸ್ತು. ಖರೇ ಹೇಳಬೇಕಂದ್ರ ಮನ್ಯಾಗ ಇಬ್ಬರೂ ಕೂಡಿ ಕುಂದ್ರೂದೇ ಕಡಿಮಿ. ಅಂವ ಶಿಫ್ಟಿಗೆ ಹೋಗಾಂವ, ಆಕಿ ಓಣಿ ಹೆಣ್ಮಕ್ಕಳ ಕುಬಸ, ಜಂಪರ್ ಹೊಲ್ಕೋತ ಮಷಿನ್ ಮುಂದ ಕುಂದ್ರಾಕಿ. ಮಗಳು ದಾನಮ್ಮನ ಮದಿವಿ ಮಾಡಿ ಮುಧೋಳಕ್ಕ ಕೊಟ್ಟ ಮ್ಯಾಲಂತೂ ಊಟಕ್ಕ ಕುಂತ್ರ ಉಪ್ಪು ಸಾಕೋ ಬೇಕೋ ಅನ್ನೂದು ಬಿಟ್ರ ಮಾತಿಲ್ಲ. ಈಗ ರೇಸಿಗೆ ಹೋಗೂವಾಗ, ಬರೂವಾಗ, ದಾರಿ ತುಂಬಾ ಮಾತು. ಆ ತಿರುವಿನ್ಯಾಗ ನೀವು ಬ್ರೇಕ್ ಜಲ್ದಿ ಹಿಡದ್ರಿ ಅಂತ ಆಕಿ, ಇಲ್ಲ ನೀನೇ ತಡಾ ವಾಲಿದಿ ಅಂತ ಅಂವ. ಇಪ್ಪತ್ತಾರು ವರ್ಷದಾಗ ಅವರು ಇಷ್ಟು ಮಾತಾಡಿದ್ದೇ ಇಲ್ಲ.

ಸೇಡಂದಾಗ ಗೆದ್ದಿದ್ದು ಕೂದಲೆಳಿ ಅಂತರದಾಗ. ಚಿತ್ತಾಪುರದಾಗ ಎರಡು ಗಾಡಿ ಅಂತರ. ಚಿಂಚೋಳಿಯ ಕೆಂಪು ನೆಲದಾಗ ಹಿಂದ ನೋಡಿದ್ರ ಯಾರೂ ಕಾಣವಲ್ರು. ಮೂರೂ ಸಲ ಎರಡನೇದಾಂವ ವಾಡಿ ಬಾಬುಮಿಯಾ. ಅಂಬಾರಾಯ ಮೀಸಿ ತಿರುವಿ ಹೇಳ್ಕೋತ ಅಡ್ಡಾಡಿದ: "ಎಲ್ಲಾ ಕಾರ್ಬೊರೇಟರ್ ಕರಾಮತ್ತು. ಈ ಸಲ ನನ್ನ ಕೈಯಾರೆ ಕೂಡ್ಸೀನಿ. ಭಾರ ಇದ್ರೂ ಹೂವಿನಂಗ ಓಡ್ಲಿಕತ್ತದ!"

ಆ ಚಿಂಚೋಳಿಯಾಗ ಒಂದು ಮಾತು ಆಗಿತ್ತು. ಅವತ್ತು ಅದು ಸಣ್ಣ ಮಾತು. ಗಾಡಿ ಸಾಲಿನ್ಯಾಗ ನಿಂತಿದ್ವು, ಇನ್ನೇನು ನಿಶಾನಿ ಬಾವುಟ ಬೀಳಬೇಕು. ಅಂಬಾರಾಯ ಹೊರಳಿ ನೋಡ್ತಾನ, ರತ್ನಾಬಾಯಿ ಗಂಟು ಬಿಚ್ಚಿ ರೊಟ್ಟಿ ತಿನ್ನಲಿಕತ್ತಾಳ! ಅವನಿಗೆ ಸಿಟ್ಟು ನೆತ್ತಿಗೇರ್ತು.

"ಏ ಏನ್ ಮಾಡಾಕತ್ತಿ? ಅದು ಊಟ ಅಲ್ಲ, ಭಾರ! ದಾನೇಶ್ವರಿ ನೋಡಿದ್ರ ಏನ್ ಗತಿ? ಅರ್ಧಾ ತಾಸು ಹೊಟ್ಟಿ ಹಿಡ್ಕೊಂಡು ಕುಂದ್ರಾಕ ಬರಂಗಿಲ್ಲೇನು?"

"ಹಸಿವಿ ತಡೀಲಾಗ್ಲಿಲ್ರಿ," ಅಂದ್ಲು ಆಕಿ. ಕೈಯಾಗಿನ ಅರ್ಧಾ ರೊಟ್ಟಿ ವಾಪಸ್ ಇಟ್ಟು, ಗಂಟು ಕಟ್ಟಿ, ನೀರಿನ ಬಾಟ್ಲಿ ಎತ್ತಿ ಗಟಗಟ ಕುಡದ್ಲು. ಅದು ಆಕಿ ಕುಡದ ಮೂರನೇ ಬಾಟ್ಲಿ. ಅಂಬಾರಾಯ ದಾರಿ ಕಡೆ ನೋಡಾಕತ್ತಿದ್ದ, ಅವನಿಗೆ ಬಾಟ್ಲಿ ಲೆಕ್ಕ ಯಾಕ ಬೇಕು?

ಈಗ ವಾಡಿಗಿ ಬರ್ರಿ. ಬಾಬುಮಿಯಾಗ ಅಲ್ಲಿ ಸ್ವಂತ ಗ್ಯಾರೇಜ್ ಅದ, ಗಣಿಯ ಹಾದಿಗೇ ಹತ್ತಿ ಮನಿ. ಗಾಡಿ ನೋಡಿದ್ರ ಸಾಕು, ಅದರ ಬ್ಯಾನಿ ಹೇಳೂ ಮನಷ್ಯಾ. ಅವತ್ತು ಅಂಬಾರಾಯ ಎಸ್ಟೀಮ್ ತಂದು ನಿಲ್ಲಿಸಿದ, ರತ್ನಾಬಾಯಿ ಒಳಗೇ ಕುಂತಿದ್ಲು. ಬಾಬುಮಿಯಾ ಕೈ ಒರಸ್ಕೋತ ಬಂದು ಗಾಡಿ ಎಡಗಡೆ ಬಗ್ಗಿ ನೋಡಿದ, ಟಾಯರಿಗೂ ಮಡ್‌ಗಾರ್ಡಿಗೂ ನಡುವ ಬೆರಳು ಇಟ್ಟ. ಎದ್ದು ದಾನೇಶ್ವರಿ ಹತ್ರ ಹೋದ.

"ಬೆಹೆನ್‌ಜೀ, ಈ ಗಾಡಿ ಸೇಡಂದಾಗ ಎಷ್ಟು ಕುಸದಿತ್ತೋ ಈಗ ಅಷ್ಟು ಕುಸದಿಲ್ಲ. ಒಂದು ಜ್ವಾಳದ ಕಾಳಿನಷ್ಟು ಮ್ಯಾಲ ಎದ್ದದ. ಭಾರ ತೂಗ್ರಿ."

ಅಂಬಾರಾಯ ಹೌಹಾರಿದ. "ಏನಂದಿ ಮಿಯಾ? ಮೂರು ಸಲ ಸೋತದ್ದಕ್ಕ ಹೊಟ್ಟಿ ಉರೀತೇನು? ಐವತ್ತೆಂಟು ಅಂತ ಬಾಗಲ ಮ್ಯಾಲ ಕೈಯಷ್ಟು ದೊಡ್ಡದು ಬರದದ, ಕಣ್ಣು ಕಾಣಂಗಿಲ್ಲ? ನನ್ನ ಹೆಂಡ್ತೀನ ನಾಕು ಮಂದ್ಯಾಗ ಕಾಟಾದ ಮ್ಯಾಲ ನಿಂದ್ರಸ್ತೀಯೇನು?"

"ಒಮ್ಮೆ ನಿಂತಾರಲ್ಲ ಅಂಬಣ್ಣಾ, ಇನ್ನೊಮ್ಮೆ ನಿಂತ್ರ ಏನಾತು? ಮೋಸ ಇಲ್ಲಂದ್ರ ಯಾಕ ಹೆದರ್ತಿ?"

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಹಿಂದ ಯಾರೋ ಕುಟುಕಿದ್ರು. ಅಂಬಾರಾಯಗ ಅದು ಮುಳ್ಳಿನಂಗ ಚುಚ್ಚಿತು. "ತೂಗ್ರಿ!" ಅಂತ ಒದರಿದ. "ತೂಗಿ, ಐವತ್ತೆಂಟು ಬಂದ್ರ ಈ ಮಿಯಾ ನನ್ನ ಹೆಂಡ್ತಿ ಕಾಲಿಗೆ ಬೀಳಬೇಕು!"

ಗ್ಯಾರೇಜಿನ ಬಾಜೂಕಿನ ಗುಜರಿ ಅಂಗಡಿಯಿಂದ ಕಾಟಾ ತಂದ್ರು. ರತ್ನಾಬಾಯಿ ಮೆಲ್ಲಕ ಇಳಿದು ಬಂದು ಅದರ ಮ್ಯಾಲ ನಿಂತ್ಲು. ಯಾರ ಕಡೀಗೂ ನೋಡ್ಲಿಲ್ಲ. ದಾನೇಶ್ವರಿ ಬಗ್ಗಿ ಅಂಕಿ ಓದಿದ್ಲು, ಕಾಟಾ ತಪ್ಪಿರಬೇಕು ಅಂತ ತಾನೇ ಒಮ್ಮೆ ಹತ್ತಿ ನೋಡಿದ್ಲು. ತನ್ನ ತೂಕ ಸರಿ ತೋರಸ್ತು. ರತ್ನಾಬಾಯೀನ ಮತ್ತ ನಿಂದ್ರಿಸಿದ್ಲು.

"ನಲವತ್ತೊಂಬತ್ತು."

ಆಮ್ಯಾಲ ಏನ್ ಕೇಳ್ತೀರಿ. ಒಂಬತ್ತು ಕಿಲೋ! ಶಹಾಬಾದಿನ್ಯಾಗ ತೂಗೂವಾಗ ಸೆರಗಿನ್ಯಾಗ ಕಲ್ಲು ಕಟ್ಕೊಂಡಿದ್ರು ಅಂತ ಒಬ್ಬ. ಮೂರೂ ರೇಸ್ ರದ್ದು ಮಾಡ್ರಿ ಅಂತ ಇನ್ನೊಬ್ಬ. ಸೇಡಂ ಮಂದಿ ತೋಳು ಏರಿಸಿದ್ರು, ವಾಡಿ ಮಂದಿ ಮುಂದ ಬಂದ್ರು. ಅಂಬಾರಾಯನ ಬಾಯಾಗ ಬರಬಾರದ ಮಾತು ಬಂದ್ವು. ಬಾಬುಮಿಯಾನ ಕೊರಳಾಗಿನ ಅಂಗಿ ಗಿರೇಬಾನ್ ಹಿಡ್ಕೊಂಡು, "ನಾ ಕಳ್ಳ ಏನಲೇ? ನಾ ಕಳ್ಳ?" ಅಂತ ಅಲುಗಾಡಿಸಾಕತ್ತಿದ್ದ. ಆದ್ರ ಒಳಗ ಅವನಿಗೂ ಗಾಬರಿ. ಕಾಟಾ ಸುಳ್ಳಲ್ಲ, ತಾನೂ ಕಳ್ಳ ಅಲ್ಲ, ಹಂಗಾದ್ರ ಇದು ಏನು?

ಈ ಗದ್ದಲದಾಗ ರತ್ನಾಬಾಯೀನ ಯಾರೂ ಇಳಿ ಅನ್ಲಿಲ್ಲ. ಆಕಿ ಕಾಟಾದ ಮ್ಯಾಲ ಹಂಗೇ ನಿಂತಿದ್ಲು. ಮನಿ ಬಾಗಲಾಗ ನಿಂತು ನೋಡಾಕತ್ತಿದ್ದ ಬಾಬುಮಿಯಾನ ಹೆಂಡ್ತಿ ಶಗುಫ್ತಾ ಮಂದೀನ ನೂಕ್ಕೋತ ಬಂದ್ಲು. ರತ್ನಾಬಾಯಿ ಕೈ ಹಿಡಿದು ಇಳಿಸಿದ್ಲು. ಹಿಡಿದ ಕೈ ಮ್ಯಾಲೆತ್ತಿದ ಕೂಡ್ಲೆ ಬಳಿ ಎಲ್ಲಾ ಜರ್ರಂತ ಮೊಣಕೈ ತನಕ ಇಳದ್ವು. ಶಗುಫ್ತಾ ಆ ಬಳಿ ನೋಡಿದ್ಲು, ಆಕಿ ಮುಖ ನೋಡಿದ್ಲು, ಹೊರಳಿ ಗಂಡಸರ ಮ್ಯಾಲ ಹರಿಹಾಯ್ದ್ಲು.

"ಬಾಯಿ ಮುಚ್ರಿ ಎಲ್ಲಾರು! ಒಂಬತ್ತು ಕಿಲೋ ಎಲ್ಲಿ ಹೋತು ಅಂತ ಜಗಳಾಡಾಕತ್ತೀರಿ? ಗಾಡಿಯಿಂದ ಹೋಗಿಲ್ಲ, ಈ ಅಕ್ಕನ ಮೈಯಿಂದ ಹೋಗ್ಯದ. ಕಣ್ಣಾವೇನು ನಿಮಗ?"

ಅಂಬಾರಾಯ ಬಾಬುಮಿಯಾನ ಗಿರೇಬಾನ್ ಬಿಟ್ಟ. ಹೆಂಡ್ತೀನ ನೋಡಿದ. ನಾಕು ತಿಂಗಳು ಬಾಜೂಕ ಕೂಡ್ಸಿಕೊಂಡು ಅಡ್ಡಾಡಿದ್ದ, ಆದ್ರ ಗಾಡಿ ಹೊಡಿಯಾಂವನ ಕಣ್ಣು ಯಾವಾಗಲೂ ದಾರಿ ಮ್ಯಾಲ. ಆಕಿ ಗಲ್ಲ ಒಳಗ ಹೋಗಿದ್ವು. ಕೊರಳ ಎಲುಬು ಎದ್ದು ಕಾಣತಿತ್ತು. ತುಟಿ ಒಣಗಿ ಬಿಳೀ ಆಗಿತ್ತು. ಇವೆಲ್ಲಾ ಯಾವಾಗ ಆತು?

"ಎಷ್ಟು ನೀರು ಕುಡೀತೀರಿ ಅಕ್ಕಾ?" ಶಗುಫ್ತಾ ಕೇಳ್ಲಿಕತ್ತಿದ್ಲು. "ರಾತ್ರಿ ಎಷ್ಟು ಸಲ ಎದ್ದು ಹೊರಗ ಹೋಗ್ತೀರಿ?"

"ನಾಕು, ಐದು... ಕಣ್ಣೂ ಮಸುಕು ಆಗ್ಯಾವ ತಂಗಿ. ಸೂಜಿಗೆ ದಾರ ಪೋಣಸೂದು ಆಗವಲ್ದು."

ಶಗುಫ್ತಾಗ ಏಳು ವರ್ಷದಿಂದ ಸಕ್ಕರಿ ಬ್ಯಾನಿ. ಮನಿಯೊಳಗ ಕರ್ಕೊಂಡು ಹೋಗಿ, ಸಕ್ಕರಿ ನೋಡೂ ತನ್ನ ಸಣ್ಣ ಮಷಿನ್ ತಗದು, ರತ್ನಾಬಾಯಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಹಾಕಿದ್ಲು. ಅಂಕಿ ಬರಲಿಲ್ಲ. ಎರಡನೇ ಸಲ ಹಾಕಿದ್ಲು, ಆಗಲೂ ಬರಲಿಲ್ಲ. ಸಕ್ಕರಿ ಅಳತಿ ಮಿತಿ ದಾಟಿತ್ತಂದ್ರ ಆ ಮಷಿನ್ ಅಂಕಿ ತೋರಸಂಗಿಲ್ಲ. ಶಗುಫ್ತಾ ಗಂಡಗ ಒಂದೇ ಮಾತು ಹೇಳಿದ್ಲು: "ಓಮ್ನಿ ವ್ಯಾನ್ ತಗೀರಿ. ಈಗಿಂದೀಗ ಕಲಬುರಗಿ."

ಅಂಬಾರಾಯ ಕೀಲಿ ಕೈ ಇಸ್ಕೊಂಡು ಹತ್ತಿ ಕುಂತ. ಕೀಲಿ ತೂತಿಗೆ ಕೂಡವಲ್ದು. ಐದೂರಾಗ ಅವನಷ್ಟು ಜೋರ್ ಗಾಡಿ ಹೊಡಿಯಾಂವ ಇಲ್ಲ, ಮೂರು ಸಲ ಕೀಲಿ ಕೆಳಗ ಬೀಳಿಸಿದ. ಬಾಬುಮಿಯಾ ಬಾಗಲಾ ತಗದು ಅವನ ಭುಜದ ಮ್ಯಾಲ ಕೈ ಇಟ್ಟ. "ಆ ಕಡೆ ಸರಿ ಅಂಬಣ್ಣಾ. ನಾ ಹೊಡೀತೀನಿ." ಒಂದು ಗಳಿಗಿ ಹಿಂದ ಅಂಬಾರಾಯ ಹಿಡಿದು ಎಳೆದು ಹರಿದಿದ್ದ ಅಂಗಿ ಮೈಮ್ಯಾಲ ಇದ್ದಂಗೇ ಅಂವ ಸ್ಟೇರಿಂಗ್ ಮುಂದ ಕುಂತ. ಹಿಂದ ಶಗುಫ್ತಾನ ತೊಡಿ ಮ್ಯಾಲ ರತ್ನಾಬಾಯಿ ತಲಿ. ದಾನೇಶ್ವರಿ ನಿಶಾನಿ ಮಡಚಿ ಬಗಲಾಗ ಇಟ್ಕೊಂಡು, "ಇವತ್ತು ರೇಸ್ ಇಲ್ಲ, ಎಲ್ಲಾರು ಮನಿಗಿ ಹೋಗ್ರಿ," ಅಂದ್ಲು.

"ಜೋರ್ ಹೊಡಿ ಮಿಯಾ," ಅಂತ ದಾರಿ ತುಂಬಾ ಅಂಬಾರಾಯ ಅಂದ್ಕೋತ ಹೋದ. "ಜೋರ್ ಹೊಡಿಯೋ ಮಾರಾಯಾ."

"ಹೊಡ್ಯಾಕತ್ತೀನಿ. ತೆಗ್ಗು ನೋಡ್ಕೊಂಡು ಹೊಡೀಬೇಕಲ್ಲ, ಹಿಂದ ಅಕ್ಕ ಮಲಗ್ಯಾರ."

ದವಾಖಾನಿಯಾಗ ನೋಡಿದ ಕೂಡ್ಲೆ ಒಳಗ ತಗೊಂಡ್ರು. ಸಂಜೀಕ ಡಾಕ್ಟರ್ ಹೊರಗ ಬಂದು, ಸಕ್ಕರಿ ರಕ್ತದಾಗ ಭಾಳ ಏರಿ ಮೈಯೆಲ್ಲಾ ಒಣಗಸ್ಯದ, ಇನ್ನೊಂದು ವಾರ ಬಿಟ್ಟಿದ್ರ ಎಚ್ಚರ ತಪ್ಪಿ ಬೀಳ್ತಿದ್ರು, ಆಮ್ಯಾಲ ನಮ್ಮ ಕೈಯಾಗ ಇರ್ತಿದ್ದಿಲ್ಲ ಅಂದ್ರು. ಈಗ ಹೆದರಿಕಿ ಇಲ್ಲ, ಇನ್ಸುಲಿನ್ ಸೂಜಿ ಚಾಲು ಮಾಡೀವಿ, ಇನ್ನ ಮುಂದ ಹೊತ್ತಿಗೆ ಸರಿಯಾಗಿ ಸೂಜಿ, ಹೊತ್ತಿಗೆ ಸರಿಯಾಗಿ ಊಟ, ಒಂದೂ ತಪ್ಪಂಗಿಲ್ಲ ಅಂತ ಹೇಳಿ ಹೋದ್ರು.

ಅಂಬಾರಾಯ ಹಾಸಿಗಿ ಬಾಜೂಕ ಸ್ಟೂಲ್ ಮ್ಯಾಲ ಕುಂತ. ರತ್ನಾಬಾಯಿ ಕೈಗೆ ಸಲಾಯಿನ್ ಹಚ್ಚಿದ್ರು.

"ನಿನಗ ಗೊತ್ತಾಗಿರಲಿಲ್ಲೇನು?" ಅಂತ ಕೇಳಿದ.

"ಜಂಪರ್ ಹೊಲಿಯಾಕಿ ನಾನು. ಗೊತ್ತಾಗದೆ ಇರ್ತದೇನ್ರಿ? ಈ ನಾಕು ತಿಂಗಳದಾಗ ನನ್ನ ಜಂಪರ್ ನಾನೇ ಮೂರು ಸಲ ಹೊಲಿಗಿ ಹಿಡಿದು ಸಣ್ಣ ಮಾಡೀನಿ."

"ಹಂಗಾದ್ರ ನನಗ ಯಾಕ ಹೇಳ್ಲಿಲ್ಲ?"

ಆಕಿ ಹೊದಿಕಿ ಸರಿ ಮಾಡ್ಕೊಂಡ್ಲು. "ನೀವು ಗೆಲ್ಲಾಕತ್ತಿದ್ರಿ. ನಾ ಹಗುರಾದಷ್ಟು ಗಾಡಿ ಮುಂದ ಹೋಗ್ತದ ಅಂತ ನನಗೂ ತಿಳೀತಿತ್ತು. ನಿಮಗ ಎರಡನೇ ಕಲ್ಲು ಬೇಕಿತ್ತಲ್ರಿ? ಯುಗಾದಿ ಆಗ್ಲಿ, ಆಮ್ಯಾಲ ತೋರಿಸ್ಕೊಂಡ್ರಾತು ಅಂದ್ಕೊಂಡೆ." ಆಮ್ಯಾಲ ಇನ್ನೂ ಮೆಲ್ಲಕ ಅಂದ್ಲು, "ಮತ್ತ ಬ್ಯಾನಿ ಅಂದ್ರ ನೀವು ಬಾಜೂಕ ಕೂಡಸ್ತಿದ್ದಿಲ್ಲ. ನನಗ ಆ ಸೀಟು ಬಿಡೂ ಮನಸ್ಸಿರಲಿಲ್ರಿ."

ಅಂಬಾರಾಯ ಅತ್ತ. ಐವತ್ತೆರಡು ವರ್ಷದ ಮನಷ್ಯಾ, ನಾಕು ಮಂಚದ ವಾರ್ಡಿನ್ಯಾಗ, ಬಾಜೂಕಿನ ಮಂದಿ ನೋಡ್ಲಿಕತ್ತಾರ ಅನ್ನೂ ಖಬರಿಲ್ದಂಗ ಅತ್ತ. ಕಾರ್ಬೊರೇಟರ್ ಅಂತ ಮೀಸಿ ತಿರುವಿದ್ದು, ಅದು ಊಟ ಅಲ್ಲ ಭಾರ ಅಂತ ಬೈದದ್ದು, ವಾಪಸ್ ಗಂಟಿಗೆ ಹೋದ ಆ ಅರ್ಧಾ ರೊಟ್ಟಿ, ಎಲ್ಲಾ ಕಣ್ಣ ಮುಂದ ಬಂತು.

"ನೀ ಕರಗಿ ಕರಗಿ ನನಗ ಗೆಲಸಾಕತ್ತಿದ್ದಿ," ಅಂದ. "ನಾ ಬಾಜೂಕ ಕುಂತು ಆ ಗೆಲುವು ಎಣಸಾಕತ್ತಿದ್ದೆ."

"ಸುಮ್ಮನಿರ್ರಿ, ಮಂದಿ ನೋಡಾಕತ್ತಾರ," ಅಂತ ಆಕಿ ಸೂಜಿ ಇಲ್ದ ಕೈಯಿಂದ ಅವನ ಕಣ್ಣು ಒರಸಿದ್ಲು.

ಹೊರಗ ಕಟ್ಟಿ ಮ್ಯಾಲ ಬಾಬುಮಿಯಾ, ಶಗುಫ್ತಾ ಕುಂತಿದ್ರು. ಬೆಳಿಗ್ಗಿಂದ ಯಾರ ಹೊಟ್ಟ್ಯಾಗೂ ಏನೂ ಬಿದ್ದಿಲ್ಲ. ರತ್ನಾಬಾಯಿ ಗಂಟು ಓಮ್ನಿಯಾಗ ಬಂದಿತ್ತು. ಅಂಬಾರಾಯ ಅದನ್ನ ಬಿಚ್ಚಿ ಮೂರು ಮಂದಿಗೂ ರೊಟ್ಟಿ ಹಚ್ಚಿದ. ಬಾಬುಮಿಯಾ ಒಂದು ತುತ್ತು ಮುರಿದು ಹಂಗೇ ಹಿಡ್ಕೊಂಡು ಕುಂತ.

"ನಾ ತಕರಾರು ಮಾಡಬಾರ್ದಿತ್ತು ಅಂಬಣ್ಣಾ. ನಾಕು ಮಂದ್ಯಾಗ ಅಕ್ಕನ್ನ ಕಾಟಾದ ಮ್ಯಾಲ ನಿಂದ್ರಿಸಿದೆ."

"ನೀ ಮಾಡ್ಲಿಲ್ಲಂದ್ರ ನಾ ಎರಡನೇ ಕಲ್ಲು ತರ್ತಿದ್ದೆ ಮಿಯಾ," ಅಂದ ಅಂಬಾರಾಯ. "ಆಕಿನ್ನ ಕಳ್ಕೊಂಡು ಕಲ್ಲು ತರ್ತಿದ್ದೆ. ಜಗಳದಾಗ ಅಂದಿದ್ದೆ ನೋಡು, ಐವತ್ತೆಂಟು ಬಂದ್ರ ನೀ ಕಾಲಿಗೆ ಬೀಳಬೇಕು ಅಂತ. ಬರಲಿಲ್ಲ. ನಾನೇ ಬೀಳಬೇಕು." ಅಂದಾಂವನೇ ಬಗ್ಗಿದ. ಬಾಬುಮಿಯಾ "ತೌಬಾ ತೌಬಾ" ಅಂತ ಕಾಲು ಎಳ್ಕೊಂಡು, ಅವನ ಭುಜ ಹಿಡಿದು ಎಬ್ಬಿಸಿ, ಇಬ್ಬರೂ ಅಳ್ಕೋತ ಕುಂತ್ರು. ಶಗುಫ್ತಾ ನೋಡೂ ತನಕ ನೋಡಿ, "ರೊಟ್ಟಿ ತಿಂದು ಆಮ್ಯಾಲ ಅಳ್ರಿ," ಅಂದ್ಲು.

ಹತ್ತು ದಿನಕ್ಕ ರತ್ನಾಬಾಯಿ ಮನಿಗಿ ಬಂದ್ಲು. ಅಂಬಾರಾಯ ದಾನೇಶ್ವರಿಗೆ ತಾನೇ ಫೋನ್ ಮಾಡಿ, "ಗೊತ್ತಿದ್ದು ಮಾಡ್ಲಿ, ಗೊತ್ತಿಲ್ದೆ ಮಾಡ್ಲಿ, ಭಾರ ಕಡಿಮಿ ಇತ್ತು. ನನ್ನ ಮೂರೂ ಗೆಲುವು ವಹಿಯಾಗ ಹೊಡದು ಹಾಕವಾ," ಅಂದ. ಹೊಡದು ಹಾಕಿದ್ಲು. ಆ ವರ್ಷದ ಕಲ್ಲು ಬಾಬುಮಿಯಾಗ ಹೋತು. ಭಾರ ಮನಷ್ಯಾ ಇದ್ರ ರೇಸಿಗೊಮ್ಮೆ ತೂಗಬೇಕು ಅಂತ ವಹಿಯಾಗ ಹೊಸಾ ಕಾಯ್ದೆನೂ ಬಂತು.

ಮುಂದಿನ ದೀಪಾವಳಿ ದಾಟಿತು. ಸೇಡಂದಾಗ ಮತ್ತ ಮೊದಲನೇ ರೇಸು. ಈ ಸಲ ಭಾರ ಬಾಬುಮಿಯಾಗ, ಅಂಬಾರಾಯಗ ಗುಂಜಿಯಷ್ಟೂ ಇಲ್ಲ. ಆದ್ರ ಎಸ್ಟೀಮಿನಿಂದ ರತ್ನಾಬಾಯಿ ಇಳದ್ಲು. ಅಂಬಾರಾಯ ಆಕಿನ್ನ ಕರ್ಕೊಂಡು ನೆಟ್ಟಗ ಕಾಟಾ ಕಡೆ ಹೋದ.

"ಕಾಕಾ, ನಿಮಗ ಈ ವರ್ಷ ಭಾರ ಇಲ್ಲ," ಅಂದ್ಲು ದಾನೇಶ್ವರಿ.

"ಗೊತ್ತದ. ತೂಗವಾ ನೀ."

ಐವತ್ತಾರು. ಸೇಡಂ ಮಂದಿ, ವಾಡಿ ಮಂದಿ, ಎಲ್ಲಾರೂ ಕೂಡೇ ಸೀಟಿ ಹೊಡದ್ರು. ಅಂಬಾರಾಯ ಆ ಬಿಳೀ ಪೇಂಟ್ ಹೆರದು ತಗದಿದ್ದ. ಅಲ್ಲಿ ಚಾಕ್‌ಪೀಸಿನಿಂದ ಐವತ್ತಾರು ಅಂತ ತಾನೇ ಬರದ.

"ತಲಿ ಕೆಟ್ಟದೇನೋ?" ಬಾಬುಮಿಯಾ ನಕ್ಕೋತ ಕೇಳಿದ. "ಕಾಯ್ದೆ ಇಲ್ದೆ ಐವತ್ತಾರು ಕಿಲೋ ಹೊತ್ಕೊಂಡು ಓಡಸ್ತಿ? ಬಸವಣ್ಣನ ಮೂರ್ತಿ ಭಾರ ಅಂದಾಂವ ನೀ!"

"ಮೂರ್ತೀನೂ ವಾಪಸ್ ತಂದೀನಿ, ನೋಡಿಲ್ಲಿ," ಅಂದ ಅಂಬಾರಾಯ.

ರೇಸ್ ಹನ್ನೆರಡಕ್ಕ ಶುರು ಆಗಬೇಕಿತ್ತು. ಬಾಬುಮಿಯಾನ ಕಲ್ಲು ಕಟ್ಟಿ, ಬಿಚ್ಚಿ, ಮತ್ತ ಕಟ್ಟೂದ್ರಾಗ ಒಂದು ತಾಸು ಹೋತು. ಗಾಡಿಗಳು ಸಾಲಿಗೆ ಬಂದು ನಿಂತ್ವು, ಎಸ್ಟೀಮ್ ಎಲ್ಲಾರ ಹಿಂದ ಅಂಚಿನ್ಯಾಗ. ದಾನೇಶ್ವರಿ ನಿಶಾನಿ ಎತ್ತಿ ಹಿಡದ್ಲು. ಅಂಬಾರಾಯ ಗಡಿಯಾರ ನೋಡಿದ. ಬರೋಬ್ಬರಿ ಒಂದು. ಅದು ರತ್ನಾಬಾಯಿಯ ಊಟದ ಹೊತ್ತು.

ಅಂವ ಕೀಲಿ ತಿರುವಿ ಗಾಡಿ ಬಂದ್ ಮಾಡಿದ.

"ಏನಾತ್ರಿ? ಕೆಟ್ತೇನು?" ಅಂತ ರತ್ನಾಬಾಯಿ ಗಾಬರಿಯಾದ್ಲು.

ಅಂಬಾರಾಯ ಆಕಿ ಕಾಲ ಹತ್ರ ಇದ್ದ ಗಂಟು ಎತ್ತಿ, ತೊಡಿ ಮ್ಯಾಲ ಇಟ್ಕೊಂಡು ಬಿಚ್ಚಿದ. ರೊಟ್ಟಿ ಮುರಿದು, ಪುಂಡಿ ಪಲ್ಯ ಹಚ್ಚಿ, ಆಕಿ ಮುಂದ ಹಿಡಿದ.

"ತಿನ್ನು."

"ಈಗ? ಹತ್ತು ಸುತ್ತು ಮುಗಿಸಿ ಬಂದು ತಿಂತೀನ್ರಿ, ಅರ್ಧಾ ತಾಸಿಗೆ ಏನಾಗ್ತದ? ಅಯ್ಯ, ನಿಶಾನಿ ಬಿತ್ತು! ರೀ, ರೇಸ್ ಹೋತ್ರಿ!"

"ಹೋಗ್ಲಿ. ಸುತ್ತಿ ಮತ್ತ ಇಲ್ಲಿಗೇ ಬರ್ತದ. ನೀ ತಿನ್ನು."

ಮುಂದಿನ ಗಾಡಿಗಳು ಧೂಳೆಬ್ಬಿಸಿ ಹೋದ್ವು. ಕಟ್ಟಿ ಮ್ಯಾಲಿನ ಮಂದಿ ಮೊದಲು ಕೂಗಿದ್ರು, ಆಮ್ಯಾಲ ಏನಾಗ್ಲಿಕತ್ತದ ಅಂತ ಕಂಡು ಕುಂತು ನೋಡಿದ್ರು. ರತ್ನಾಬಾಯಿ ಹೆಲ್ಮೆಟ್ ತಗದು ತೊಡಿ ಮ್ಯಾಲ ಇಟ್ಕೊಂಡು ತಿಂದ್ಲು. ಒಂದು ಸುತ್ತು ಮುಗಿಸಿ ಬಾಬುಮಿಯಾ ಬಂದ, ಹಾರ್ನ್ ಬಾರಿಸಿ ಹೋದ. ಎರಡನೇ ಸುತ್ತಿಗೂ ಬಂದ, ಬಾರಿಸಿ ಹೋದ. ಆಕಿ ಒಂದು ರೊಟ್ಟಿ ಮುಗಿಸಿದ್ಲು. ಅರ್ಧಾ ಉಳಸಾಕ ನೋಡಿದ್ಲು, ಅಂಬಾರಾಯ ಬಿಡಲಿಲ್ಲ. ಎರಡನೇದೂ ಪೂರ್ತಿ ತಿನಿಸಿ, ನೀರು ಕೊಟ್ಟು, ಗಂಟು ಕಟ್ಟಿ ವಾಪಸ್ ಇಟ್ಟ.

ರತ್ನಾಬಾಯಿ ಬಾಯಿ ಒರಸ್ಕೊಂಡು, ಹೆಲ್ಮೆಟ್ ಹಾಕ್ಕೊಂಡು, ಬೆಲ್ಟ್ ಬಿಗಿದು ಕುಂತ್ಲು.

"ಎಲ್ಲಾರ ಹಿಂದ ಬೀಳ್ತೀವಿ ಇವತ್ತು," ಅಂದ್ಲು.

"ಬೀಳೂಣು," ಅಂದ ಅಂಬಾರಾಯ, ಆಕಿ ಕಡೀಗಿ ಒಮ್ಮೆ ನೆಟ್ಟಗ ನೋಡಿ, ಗಾಡಿ ಚಾಲು ಮಾಡಿದ. ಮೊದಲನೇ ತಿರುವು ಎಡಕ್ಕಿತ್ತು. ಆಕಿ ಎಡಕ್ಕ ವಾಲಿದ್ಲು.